ಶೆಲ್ಬಿಗೆ ಕೊಟ್ಟ ಮಾತು

ನನ್ನ ಹೆಂಡತಿ ಡೆಲ್ಫಿಯಾ ರಾಜ್ಯದ ವಿಧಾನಸಭೆಗೆ ಹೋಗಬೇಕೆಂದು ಮೂರು ಸಲ ಪಕ್ಷದೊಳಗಿನ ಪ್ರೈಮರಿ ಚುನಾವಣೆಗೆ ನಿಂತಳು, ಮೂರು ಸಲವೂ ಸೋತಳು. ನಮ್ಮೂರು ಟ್ಯಾನರ್ಸ್ ಫೋರ್ಕಿನಲ್ಲಿ ಕೆಲವರು ಈಗಲೂ ಅದನ್ನು ಹೇಳಿಕೊಂಡು ನಗುತ್ತಾರೆ. ನಗಲಿ. ವೆಸ್ಟ್ ವರ್ಜೀನಿಯಾದ ಈ ಗುಡ್ಡಗಳ ನಡುವೆ ನಗುವುದಕ್ಕೆ ಬೇರೇನಿದೆ?

ಎಲ್ಲ ಶುರುವಾದದ್ದು ಮೊಮ್ಮಗಳು ಐವಿಯಿಂದ. ಊರಿನ ಆಸ್ಪತ್ರೆಯವರು ಹೆರಿಗೆ ವಾರ್ಡಿಗೆ ಬೀಗ ಹಾಕಿದ ಮೇಲಿನ ಮೊದಲ ಚಳಿಗಾಲ. ಸೊಸೆ ಶೆಲ್ಬಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಮಗ ಡ್ವೇನ್ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಗುಡ್ಡದಾಚೆಯ ದೊಡ್ಡ ಆಸ್ಪತ್ರೆಗೆ ಹೊರಟ. ಡೆಲ್ಫಿಯಾ ಹಿಂದಿನ ಸೀಟಿನಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಕ್‌ಹಾರ್ನ್ ಗುಡ್ಡದ ತಿರುವಿನಲ್ಲಿ ದಿಮ್ಮಿ ತುಂಬಿದ ಲಾರಿಯೊಂದು ಹಿಮದಲ್ಲಿ ಜಾರಿ ರಸ್ತೆಗೆ ಅಡ್ಡ ನಿಂತಿತ್ತು. ಮಗು ಗಾಡಿಯೊಳಗೇ ಹುಟ್ಟಿತು. ಡೆಲ್ಫಿಯಾ ತನ್ನ ಕೋಟು ಬಿಚ್ಚಿ ಸುತ್ತಿ ಎದೆಗವಚಿಕೊಂಡಳು. ದಾರಿ ತೆರವಾಗುವ ಹೊತ್ತಿಗೆ ಐವಿ ಹೋಗಿಬಿಟ್ಟಿದ್ದಳು.

ಮಣ್ಣು ಮಾಡುವ ದಿನ ನಮ್ಮ ಶಾಸಕ ಬರ್ಲ್ ಕೊಗರ್ ಕೂಡ ಬಂದಿದ್ದ. ಟೈರ್ ಅಂಗಡಿಯವನು, ಕೆಟ್ಟವನಲ್ಲ. ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡ. ಡೆಲ್ಫಿಯಾ ಅವನನ್ನು ನೇರವಾಗಿ ಕೇಳಿದಳು.

"ಬರ್ಲ್, ವಾರ್ಡ್ ಮುಚ್ತೀವಿ ಅಂದಾಗ ನೀನು ಒಂದು ಮಾತಾದ್ರೂ ಆಡಿದ್ಯಾ?"

"ಅದು ಆಸ್ಪತ್ರೆಯವರ ತೀರ್ಮಾನ ಅಲ್ವಾ ಡೆಲ್ಫಿಯಾ. ನನ್ನ ಕೈಲಿ ಏನಿತ್ತು ಹೇಳು?"

"ನಿನ್ನ ಕೈಲಿ ಏನೂ ಇಲ್ಲ ಅಂದ್ಮೇಲೆ ಆ ಕುರ್ಚಿ ಯಾಕೆ? ಬಿಡು, ನಾನು ಕೂತು ನೋಡ್ತೀನಿ."

ದುಃಖದಲ್ಲಿ ಆಡಿದ ಮಾತು ಎಂದುಕೊಂಡೆ. ಆದರೆ ಪ್ರೈಮರಿ ಬಂದಾಗ ಅವಳು ನಿಂತೇಬಿಟ್ಟಳು. ನಮ್ಮ ಕಡೆ ಇರುವುದು ಹೆಚ್ಚುಕಡಿಮೆ ಒಂದೇ ಪಕ್ಷ. ಮೇ ತಿಂಗಳಲ್ಲಿ ಪಕ್ಷದೊಳಗೆ ಗೆದ್ದವರು ನವೆಂಬರಿನ ಚುನಾವಣೆಯಲ್ಲಿ ಎದುರಾಳಿಯೇ ಇಲ್ಲದಂತೆ ಗೆಲ್ಲುತ್ತಾರೆ. ಬರ್ಲ್‌ನನ್ನು ಸೋಲಿಸುವುದಿದ್ದರೆ ಅಲ್ಲೇ ಸೋಲಿಸಬೇಕು.

ಡೆಲ್ಫಿಯಾ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿದವಳು. ಊರಿನ ಅರ್ಧ ಜನ ಅವಳೆದುರು ನಿಂತು ಕಹಳೆ ಊದಿದವರೇ. ಎದುರಿಗೆ ಸಿಕ್ಕರೆ ತಬ್ಬಿಕೊಳ್ಳುತ್ತಿದ್ದರು, ಓಟು ಮಾತ್ರ ಬರ್ಲ್‌ಗೆ ಹಾಕುತ್ತಿದ್ದರು. ಮೊದಲ ಸಲ ಅವಳು ಕಾನೂನು, ಅನುದಾನ ಎಂದೆಲ್ಲ ಮಾತಾಡಿ ಹೀನಾಯವಾಗಿ ಸೋತಳು.

ಎರಡನೆಯ ಸಲ ಚರ್ಚೊಂದರ ನೆಲಮಾಳಿಗೆಯಲ್ಲಿ ಮಾತಾಡುತ್ತಿದ್ದಾಗ, ತನಗೇ ಗೊತ್ತಿಲ್ಲದೆ, ಐವಿಯ ಸುದ್ದಿ ಎತ್ತಿದಳು. ಕೋಟಿನೊಳಗೆ ಮಗು ಒಂದೇ ಒಂದು ಸಲ ಅತ್ತದ್ದನ್ನು ಹೇಳಿದಳು. ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಹೋದಲ್ಲೆಲ್ಲ ಅದನ್ನೇ ಕೇಳತೊಡಗಿದರು, ಅವಳೂ ಹೇಳಿದಳು. ಆ ಸಲವೂ ಸೋತಳು, ಆದರೆ ಬರ್ಲ್‌ನ ಎದೆ ನಡುಗಿಸಿ ಸೋತಳು. ನಾವಿಬ್ಬರೂ ಒಳಗೊಳಗೇ ಹಿಗ್ಗಿದೆವು. ಮುಂದಿನ ಸಲ ನಮ್ಮದೇ ಎಂದೆವು.

ಒಂದು ಭಾನುವಾರ ಊಟಕ್ಕೆ ಬಂದ ಶೆಲ್ಬಿ ತಟ್ಟೆ ಮುಟ್ಟಲಿಲ್ಲ. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

"ಡೆಲ್ಫಿಯಾ, ನಿನ್ನೆ ಒಬ್ರು ಕೆಮ್ಮಿನ ಔಷಧಿಗೆ ಬಂದಿದ್ರು. ಯಾರೋ, ನಾನು ಮುಂಚೆ ಅವರ ಮುಖನೇ ನೋಡಿಲ್ಲ. ನನ್ನ ಕೈ ಹಿಡ್ಕೊಂಡು, 'ಪಾಪ, ಒಂದೇ ಸಲ ಅತ್ತಿದ್ದಂತೆ ಅಲ್ವಾ?' ಅಂದ್ರು. ಅಷ್ಟು ಜನರ ಮಧ್ಯೆ."

"ಇನ್ನೊಬ್ಬಳಿಗೆ ಹಂಗಾಗಬಾರ್ದು ಅಂತ ಹೇಳಿದ್ದು ಮಗಳೇ."

"ಗೊತ್ತು ನಂಗೆ. ಆದ್ರೆ ಅವಳದು ಅಂತ ನನ್ನ ಹತ್ರ ಉಳಿದಿದ್ದು ಅದೊಂದೇ. ಅವಳ ಬಟ್ಟೆ ಇಲ್ಲ, ಫೋಟೋ ಇಲ್ಲ. ಆ ಒಂದು ಅಳು. ಅದನ್ನೂ ಊರಿಗೆಲ್ಲ ಹಂಚಿಬಿಟ್ರಿ."

ಡ್ವೇನ್ ತಲೆ ಎತ್ತಲಿಲ್ಲ. ಡೆಲ್ಫಿಯಾಳ ಮುಖ ಬಿಳಿಚಿಕೊಂಡಿತು. "ಇನ್ನು ನನ್ನ ಬಾಯಲ್ಲಿ ಅದು ಬರಲ್ಲ. ಮಾತು ಕೊಟ್ಟೆ," ಎಂದಳು.

ಮೂರನೆಯ ಸಲ ನಾನು ಬೇಡವೆಂದೆ. "ವಾರ್ಡು ಇನ್ನೂ ಮುಚ್ಚೇ ಇದೆಯಲ್ಲ ಲಾಯ್ಡ್," ಎಂದಷ್ಟೇ ಹೇಳಿ ಕೋಟು ಹಾಕಿಕೊಂಡಳು. ಬರ್ಲ್‌ನ ಮೇಲೆ ಜನಕ್ಕೆ ಬೇಸರ ಬಂದಿತ್ತು. ಈ ಸಲ ಗೆಲ್ಲುತ್ತಾಳೆ ಎಂದು ಅವನ ಅಂಗಡಿಯ ಹುಡುಗರೇ ಮಾತಾಡಿಕೊಳ್ಳುತ್ತಿದ್ದರು.

ಚುನಾವಣೆಗೆ ಮುಂಚಿನ ಶನಿವಾರ ಅಗ್ನಿಶಾಮಕ ಠಾಣೆಯಲ್ಲಿ ಊರಿಗೆಲ್ಲ ಕಾಡುಬೆಳ್ಳುಳ್ಳಿ ಊಟ. ವಸಂತದಲ್ಲಿ ಆ ಊಟಕ್ಕೆ ಬರದವರು ಯಾರೂ ಇಲ್ಲ. ಅಭ್ಯರ್ಥಿಗಳು ಮಾತಾಡುವುದೂ ಅಲ್ಲೇ. ಡ್ವೇನ್ ಮತ್ತು ಶೆಲ್ಬಿ ಬಾಗಿಲ ಬಳಿ ನಿಂತಿದ್ದರು. ಡೆಲ್ಫಿಯಾ ಆಸ್ಪತ್ರೆಯ ಬಗ್ಗೆ ಮಾತಾಡಿದಳು, ಜನ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಾ ಕೇಳಿದರು. ಆಗ ಮರದ ಮಿಲ್ಲಿನ ವರ್ನ್ ಎಂಬವನು, ಬರ್ಲ್‌ನ ಗೆಳೆಯ, ಕೂತಲ್ಲಿಂದಲೇ ಕೂಗಿದ.

"ಏನ್ ಟೀಚರ್, ಎರಡು ಸಲ ಮಣ್ಣು ಮುಕ್ಕಿದ್ದು ಸಾಲ್ಲಿಲ್ವಾ? ಹೋದ ಸಲ ಕೂಸಿನ ಕಥೆ ಹೇಳಿ ಹೆಂಗಸರನ್ನೆಲ್ಲ ಅಳಿಸಿದ್ರಿ. ಈ ಸಲ ಅದರ ಸುದ್ದಿನೇ ಇಲ್ಲ. ಓಟು ಬರ್ಲಿಲ್ಲ ಅಂತ ಕೂಸನ್ನೂ ಮರೆತ್ರಾ?"

ಚಮಚಗಳ ಸದ್ದು ನಿಂತಿತು. ಬರ್ಲ್ ಕೂಡ, "ಥೂ, ಬಾಯ್ಮುಚ್ಚೋ ವರ್ನ್," ಎಂದ. ಎಲ್ಲರ ಕಣ್ಣೂ ಡೆಲ್ಫಿಯಾಳ ಮೇಲೆ. ಮೊಮ್ಮಗಳ ವಿಷಯ ಯಾಕೆ ಎತ್ತುತ್ತಿಲ್ಲವೆಂದು ಒಂದು ಮಾತು ಹೇಳಿದ್ದರೆ ಆ ಸಭೆ ಅವಳದಾಗುತ್ತಿತ್ತು. ಅದನ್ನು ಹೇಳುವುದೂ ಐವಿಯ ಸುದ್ದಿ ಎತ್ತಿದಂತೆಯೇ ಎಂದು ಅವಳಿಗೆ ಅನಿಸಿರಬೇಕು. ನಾನು ಎದ್ದೆ. ಅವಳು ನನ್ನ ಭುಜ ಅದುಮಿದಳು.

"ಕೂತ್ಕೋ ಲಾಯ್ಡ್." ವರ್ನ್ ಕಡೆ ತಿರುಗಿದಳು. "ಆಸ್ಪತ್ರೆ ಬಗ್ಗೆ ಕೇಳಿ, ಹೇಳ್ತೀನಿ. ಈಗ ಕೇಳಿದ್ರಲ್ಲ, ಅದರ ಬಗ್ಗೆ ಏನೂ ಹೇಳಲ್ಲ."

ಜನ ತಟ್ಟೆಗಳ ಕಡೆ ತಿರುಗಿಕೊಂಡರು. ಮೊಮ್ಮಗಳ ಸಾವನ್ನೂ ಲೆಕ್ಕ ಹಾಕಿ ಬಳಸಿದವಳು, ಲೆಕ್ಕ ಹಾಕಿ ಬಿಟ್ಟವಳು ಎಂಬ ಮಾತು ಸೋಮವಾರದೊಳಗೆ ಎಲ್ಲ ಕಣಿವೆಗಳಿಗೂ ಹಬ್ಬಿತ್ತು.

ಮಂಗಳವಾರ ಅವಳು ಸೋತಳು. ಒಂದು ಚರ್ಚಿನ ಜನ ಆ ಕಡೆಯಿಂದ ಈ ಕಡೆ ಬಂದಿದ್ದರೆ ಸಾಕಿತ್ತು, ಅಷ್ಟೇ ಅಂತರ. ಬರ್ಲ್‌ಗೆ ಫೋನ್ ಮಾಡಿ, "ಒಳ್ಳೇದಾಗ್ಲಿ," ಎಂದಳು. ಅವನು ಆ ಕಡೆಯಿಂದ ಏನೋ ಹೇಳುತ್ತಲೇ ಇದ್ದ. ಇವಳು ಹೂಂ ಹೂಂ ಎನ್ನುತ್ತಾ ಗೋಡೆ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಶೆಲ್ಬಿ ಬಂದಳು, ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಳು.

"ಹೇಳಿಬಿಡಬೇಕಿತ್ತು ನೀವು. ಬಾಗಿಲ ಹತ್ರ ನಿಂತು ಹೇಳಿ, ಹೇಳಿ ಅಂತಿದ್ದೆ ಮನಸ್ಸಲ್ಲೇ."

"ನಂಗೆ ಕೇಳಿಸ್ಲಿಲ್ಲ ಮಗಳೇ," ಎಂದಳು ಡೆಲ್ಫಿಯಾ.

ಇಬ್ಬರೂ ಅಲ್ಲೇ ತಬ್ಬಿಕೊಂಡು ನಿಂತರು. ನಾನು ಹಿತ್ತಲಿಗೆ ಹೋದೆ.

ಮತ್ತೆ ಬಸುರಿಯಾದ ಶೆಲ್ಬಿಯನ್ನು ಡ್ವೇನ್ ಆ ಶರತ್ಕಾಲದಲ್ಲಿ ಪಕ್ಕದ ಒಹಾಯೋ ರಾಜ್ಯಕ್ಕೆ ಕರೆದುಕೊಂಡು ಹೋದ, ಆಸ್ಪತ್ರೆ ಹತ್ತಿರವಿರುವ ಬೀದಿಯಲ್ಲಿ ಮನೆ ಹಿಡಿದ. ಹೆರಿಗೆಯ ದಿನ ನಾವೂ ಹೋದೆವು. ಗಂಡು ಮಗು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ನರ್ಸ್ ನಗುತ್ತಾ ಹೇಳಿ ಹೋದಳು. ಬೆಚ್ಚಗಿನ ಮೊಗಸಾಲೆ. ಕೋಣೆಯಿಂದ ಕೋಣೆಗೆ ಅವಸರವಿಲ್ಲದೆ ಓಡಾಡುವ ನರ್ಸುಗಳು. ಡೆಲ್ಫಿಯಾ ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದಳು. ಮೂರು ಸೋಲಿನಲ್ಲೂ ಹನಿ ಕಣ್ಣೀರು ಹಾಕದವಳು ಗೋಡೆಗೊರಗಿ ಅಳತೊಡಗಿದಳು.

"ಇಷ್ಟೇ ಲಾಯ್ಡ್," ಎಂದಳು. "ನಾನು ಕೇಳಿದ್ದು ಇಷ್ಟೇ ಅಲ್ವಾ?"