ತಹಸೀಲ್ದಾರರ ಕಮರಬಂದ

ನಿಜಾಮರ ಆಳ್ವಿಕೆಯ ಕಾಲ, ಹದಿನೆಂಟುನೂರ ತೊಂಬತ್ತರ ಆಚೀಚೆ. ಬೀದರ ಕೋಟೆಯ ಮಗ್ಗುಲಿಗೆ ಒಂದು ಚಿಕ್ಕ ಕಾಲೇಜಿತ್ತು. ಕೆಲವೇ ವರ್ಷ ನಡೆದು ಮುಚ್ಚಿಹೋದ ಆ ಕಾಲೇಜಿನ ಬೋರ್ಡಿಂಗಿನಲ್ಲಿ ಭಾತಂಬ್ರಾದ ದತ್ತಾತ್ರಿ, ಮನ್ನಳ್ಳಿಯ ಕುತುಬೋದ್ದೀನ ಒಂದೇ ಕೋಣೆಯಲ್ಲಿದ್ದರು. ಇಬ್ಬರ ನಡುವೆ ಮಾತು ನಿಂತಿತ್ತು. ದತ್ತಾತ್ರಿಯ ತಾಯಿ ಗಂಗುಬಾಯಿ ಮಗನಿಗೆಂದು ಕಳಿಸಿದ್ದ ಒಂದು ಗಡಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯನ್ನು ಕುತುಬೋದ್ದೀನ ರುಚಿ ನೋಡುತ್ತ ನೋಡುತ್ತ ತಳ ಕಾಣಿಸಿದ್ದ. ಅಂದಿನಿಂದ ಇಬ್ಬರೂ ಏನು ಹೇಳುವುದಿದ್ದರೂ ಗೋಡೆಗೆ ಹೇಳುತ್ತಿದ್ದರು.

"ಏ ಗೋಡಿ, ದೀಪ ಆರ್ಸು ಅಂತ ಹೇಳು ಅವಂಗ."

"ಏ ಗೋಡಿ, ನಂದಿನ್ನಾ ಓದೂದು ಅದ ಅಂತ ಹೇಳು."

ಕಾಲೇಜಿನ ಪ್ರಿನ್ಸಿಪಾಲರು ವಿಲಾಯತಿಯವರು. ಓಟ, ಜಿಗಿತ, ಹಗ್ಗ ಜಗ್ಗಾಟಗಳಿಂದ ಹುಡುಗರ ನಡತೆ ಸುಧಾರಿಸುತ್ತದೆ ಎಂದು ನಂಬಿದ್ದರು. ಚಳಿಗಾಲದ ಆಟೋಟದ ದಿನ ಅವರು ಬೇಕೆಂದೇ ಈ ಇಬ್ಬರನ್ನೂ ಮೂರು ಕಾಲಿನ ಓಟಕ್ಕೆ ಜೋಡಿ ಮಾಡಿದರು. ಒಬ್ಬನ ಎಡಗಾಲು, ಇನ್ನೊಬ್ಬನ ಬಲಗಾಲು ಸೇರಿಸಿ ಕಟ್ಟಿ ಓಡುವ ಆಟ. ಇವರ ಸರದಿ ಬರುವಷ್ಟರಲ್ಲಿ ಕಟ್ಟುವ ಬಟ್ಟೆಯ ಚೂರುಗಳೇ ಮುಗಿದಿದ್ದವು.

ಬಹುಮಾನ ಕೊಡಲು ಬಂದಿದ್ದ ತಹಸೀಲ್ದಾರರು ಹುರುಪಿನಲ್ಲಿದ್ದರು. ಸೊಂಟದ ಜರತಾರಿ ಕಮರಬಂದವನ್ನೇ ಬಿಚ್ಚಿಕೊಟ್ಟರು. "ತಗೋರಿ, ಇದನ್ನ ಕಟ್ರಿ! ಆಟ ನಿಲ್ಲಬಾರದು!"

ಕಟ್ಟುವ ಕೆಲಸ ಔರಾದದ ಧೊಂಡಿಬಾನದು. ಅವನೂ ಅಲ್ಲಿಯ ವಿದ್ಯಾರ್ಥಿಯೇ, ಕುರಿಗಾರರ ಮನೆಯವನು. ಟಗರನ್ನು ಕಟ್ಟುವಂತೆ ಬಿಗಿದುಬಿಟ್ಟ.

ಸೀಟಿ ಕೇಳಿಸಿತು. ಮೊದಲು ಯಾವ ಕಾಲು ಎಂದು ಕೇಳಲು ಇಬ್ಬರಿಗೂ ಬಿಗುಮಾನ. ದತ್ತಾತ್ರಿ ಮುಂದಕ್ಕೆ ಎಳೆದ, ಕುತುಬೋದ್ದೀನ ಮಗ್ಗುಲಿಗೆ ಎಳೆದ. ಜೋಡಿ ಗಿರಗಿರನೆ ತಿರುಗುತ್ತ ಶಾಮಿಯಾನಕ್ಕೆ ನುಗ್ಗಿ, ಶರಬತ್ತಿನ ಮೇಜನ್ನು ಕೆಡವಿ, ಹಿಂದಿದ್ದ, ದನ ನೀರು ಕುಡಿಯುವ ಹೊಂಡಕ್ಕೆ ಬಿತ್ತು. ಜನ ಇದೂ ಆಟದ ಒಂದು ಭಾಗವೆಂದು ಚಪ್ಪಾಳೆ ತಟ್ಟಿದರು.

ಮೇಲೆತ್ತಿ ನೋಡಿದರೆ, ನೆನೆದ ರೇಷ್ಮೆಯ ಗಂಟು ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಯಾರೋ ಕತ್ತರಿ ತಂದರು. ತಹಸೀಲ್ದಾರರು ಓಡಿಬಂದು ಕೈ ಅಡ್ಡ ಹಿಡಿದರು.

"ನಮ್ಮ ಬೇಗಂ ಕೈಯ ಕಸೂತಿ ಅದು. ಕತ್ತರಿ ಹಚ್ಚಿದ್ರ ನಾ ಮನಿಗಿ ಹೋಗೂ ಹಂಗಿಲ್ಲ."

ಎಲ್ಲರೂ ಧೊಂಡಿಬಾನ ಕಡೆ ನೋಡಿದರು. ಅವನು ತಲೆ ಕೆರೆದುಕೊಂಡ. "ನನಗ ಕಟ್ಟೂದಷ್ಟ ಬರ್ತದರಿ. ಬಿಚ್ಚೂದು ನಮ್ಮವ್ವಗ ಗೊತ್ತಿರಬೇಕು. ಈಗ ಬಗದಲ್‌ದಾಗ ಗೊಬ್ಬರಕ್ಕಂತ ಹೊಲದಾಗ ಕುರಿ ತರುಬ್ಯಾಳ."

ಆ ಸಂಜೆ ಊಟಕ್ಕೆ ಇಬ್ಬರೂ ಬೋರ್ಡಿಂಗಿನ ಹಿಂದೂ, ಮುಸಲ್ಮಾನ ಅಡಿಗೆಮನೆಗಳ ನಡುವಿನ ಹೊಸ್ತಿಲ ಮೇಲೆ ಕೂತರು. ಒಬ್ಬನ ತಾಟು ಈಚೆ, ಇನ್ನೊಬ್ಬನದು ಆಚೆ. ಉಳಿದ ಕಷ್ಟಗಳನ್ನು ಹೇಳದಿರುವುದೇ ಒಳ್ಳೆಯದು.

ಮರುದಿನ ಧೊಂಡಿಬಾ ಅವರನ್ನು ಎತ್ತಿನ ಬಂಡಿಯಲ್ಲಿ ಬಗದಲ್‌ಗೆ ಕರೆದೊಯ್ದ. ಬಂಡಿ ಕುಲುಕಿದಾಗಲೆಲ್ಲ ಇಬ್ಬರ ಕಾಲುಗಳೂ ಒಟ್ಟಿಗೆ ಹಾರುತ್ತಿದ್ದವು. ದತ್ತಾತ್ರಿ ಏನೋ ಹೇಳಲು ಬಾಯಿ ತೆರೆದು ಸುತ್ತಲೂ ನೋಡಿದ. ಬಯಲೋ ಬಯಲು.

"ಗೋಡಿ ಹುಡುಕ್ತಿ ಏನಪಾ?" ಎಂದ ಕುತುಬೋದ್ದೀನ.

ದತ್ತಾತ್ರಿಗೆ ತಡೆಯಲಾರದಷ್ಟು ನಗು ಬಂತು. "ಕಾಲು ತುರಸ್ಲಿಕತ್ತದೋ ಕುತುಬ್ಯಾ. ನಂದೋ ನಿಂದೋ ತಿಳೀವಲ್ದು."

"ಎರಡೂ ತುರಸು ಯಾರ್."

ಬಗದಲ್‌ನ ಹೊಲದಲ್ಲಿ ಧೊಂಡಿಬಾನ ತಾಯಿ ಜನಾಬಾಯಿ ಗಂಟನ್ನು ನೋಡಿ ಮಗನ ತಲೆಗೊಂದು ಬಿಟ್ಟಳು. "ಇದನ್ನ ಯಾರ್ ಬಿಚ್ತಾರೋ ಮೂಳ? ನಾವಾದ್ರ ಕೊಯ್ತೀವಿ!" ಕೊಯ್ಯುವಂತಿಲ್ಲ ಎಂದು ಕೇಳಿದ ಮೇಲೆ ಬಂದವರಿಗೆ ರೊಟ್ಟಿ, ಮಜ್ಜಿಗೆ ಕೊಟ್ಟಳು. ಉಂಡ ಗೆಳೆಯರು ಬೇವಿನ ನೆರಳಲ್ಲಿ ಹಾಗೇ ಒರಗಿ ನಿದ್ದೆಹೋದರು.

ಎದ್ದಾಗ ಕಾಲು ಹಗುರಾಗಿತ್ತು. ಕುರಿಗಳ ನಡುವಿನ ಒಂದು ಆಡಿನ ಬಾಯಂಚಿನಲ್ಲಿ ಜರಿಯ ಎಳೆಯೊಂದು ತೂಗುತ್ತಿತ್ತು. ಕುತುಬೋದ್ದೀನ ಹಿಡಿದು ಎಳೆಯಹೋದ. ಆಡು ಅದನ್ನೂ ನುಂಗಿತು.

ಇಬ್ಬರೂ ತಹಸೀಲ್ದಾರರ ಮನೆಗೆ ಹೋದರು. ಸುದ್ದಿ ಕೇಳಿ ಸಾಹೇಬರು ಕುರ್ಚಿಯಲ್ಲಿ ಕುಸಿದರು. ಪರದೆಯ ಆಚೆ ಬಳೆಗಳ ಸದ್ದಾಯಿತು. ಅನ್ವರಿ ಬೇಗಂ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಆಡು ತಿಂತು ಅಂದ್ರೇನು?"

"ಹೌದ್ರಿ ಅಮ್ಮಾಜಾನ್," ಎಂದ ದತ್ತಾತ್ರಿ.

"ಪೂರಾ?"

"ಚಪ್ಪರಿಸಿ ತಿಂತರಿ."

ಪರದೆಯ ಆಚೆ ನಗು ಉಕ್ಕಿತು. "ಸಾಹೇಬರು ಇಷ್ಟ್ ವರ್ಷ ಸೊಂಟಕ್ಕ ಸುತಗೊಂಡ್ರೂ ಒಂದ್ ದಿನ ಚೊಲೋ ಅದ ಅಂದಿಲ್ಲ. ಆ ಆಡಿಗಿ ನನ್ನ ಸಲಾಮ್ ಹೇಳ್ರಿ!"

ಹುಡುಗರಿಗೆ ತಾಟು ತುಂಬ ಶೀರಾ ಬಂತು. ಸಾಹೇಬರಿಗೆ ಬರಲಿಲ್ಲ.