ಮುನಿರಾಜುವಿನ ಪುಟ

“ಆ ಪುಟ ಹರಿದುಹಾಕು ಸೊಹೈಲ್,” ಎಂದು ಖತೀಜಾ ಮಗನ ಕೈಯಿಂದ ನೋಟ್‌ಬುಕ್ ಕಿತ್ತುಕೊಳ್ಳಲು ನೋಡಿದರು. ತಾಯಿ ಮಗ ಇಬ್ಬರೂ ಅಮೆರಿಕದ ಸ್ಯಾನ್ ರಮೋನ್‌ನ ಮಸೀದಿಯ ಮುಂದೆ ಕಾರಿನೊಳಗೆ ಕೂತಿದ್ದರು. ಒಳಗೆ ಸೊಹೈಲನ ತಂದೆ ವಜೀರ್ ಸಾಹೇಬರಿಗೆ ಕೊನೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ಸುತ್ತಿ ಆಗಿತ್ತು.

ನೋಟ್‌ಬುಕ್ಕು ಸಾಹೇಬರ ಇಪ್ಪತ್ತು ವರ್ಷದ ಹುಚ್ಚು. ಎಪ್ಪತ್ತೊಂದರ ಯುದ್ಧದಲ್ಲಿ ಜೊತೆಗಿದ್ದ ಒಂಬತ್ತು ಸಿಪಾಯಿಗಳು ಏನಾದರೆಂದು ಊರೂರಿಗೆ ಫೋನು ಮಾಡಿ ಹುಡುಕಿ, ಒಬ್ಬೊಬ್ಬರಿಗೆ ಒಂದೊಂದು ಪುಟ ಬರೆದಿಟ್ಟಿದ್ದರು. ಸುರೇಶ್ ನೆಲಬಾಂಬಿಗೆ ಸಿಕ್ಕ. ಅಚ್ಯುತ ಸೆರೆಯಿಂದ ಬಿಡಿಸಿಕೊಂಡು ಬಂದು ಹಾಸನದಲ್ಲಿ ಕುಡಿದು ಸತ್ತ. ಮುನಿರಾಜುವಿನ ಪುಟದಲ್ಲಿ ನಾಲ್ಕೇ ಮಾತು: ‘ತೊಡೆಗೆ ಗುಂಡು. ಬದುಕಿದ್ದ. ಬಂದು ಎತ್ತಿಕೊಂಡು ಹೋಗ್ತೀನಿ ಅಂದೆ. ಹೋಗಲಿಲ್ಲ.’

“ನಮಾಜಿಗೆ ಮುಂಚೆ ಅಬ್ಬಾ ಪರವಾಗಿ ನಾನು ಎಲ್ರ ಹತ್ರ ಕ್ಷಮೆ ಕೇಳ್ಬೇಕು. ಮುನಿರಾಜು ಹೆಂಡ್ತಿ ಬೋರಮ್ಮ ಆಂಟಿ ಸ್ಯಾನ್ ಹೊಸೆಯಿಂದ ಬರ್ತಿದಾರೆ. ಅವ್ರು ಏನೂ ಗೊತ್ತಿಲ್ದೆ ಮಾಫ್ ಮಾಡಿದ್ರೆ ಅದು ಮಾಫೀನಾ ಅಮ್ಮಿ?”

“ಮಣ್ಣಿಗೆ ಹೋಗೋರ ಮೇಲೆ ಈಗ ಪಂಚಾಯ್ತಿ ಬೇಕಾ?”

*

ಎಂಟು ವರ್ಷದ ಹಿಂದೆ ವಜೀರ್ ಸಾಹೇಬರು ಸ್ಯಾನ್ ಹೊಸೆಯ ಮಗಳ ಮನೆಗೆ ಹುಡುಕಿಕೊಂಡು ಹೋದಾಗ ಬೋರಮ್ಮನ ಹಣೆಯಲ್ಲಿ ಕುಂಕುಮವಿತ್ತು. ಗಂಡ ಸತ್ತನೆಂದು ಸೈನ್ಯದಿಂದ ಕಾಗದ ಬಂದಿದ್ದರೂ, ಹೆಣ ಕಾಣದೆ ಆಕೆ ನಂಬಿರಲಿಲ್ಲ.

“ನಾನೇ ಕಣ್ಣಾರೆ ನೋಡಿದೀನಿ ತಂಗ್ಯವ್ವ. ಎದೆಗೆ ಒಂದೇ ಗುಂಡು. ಅಮ್ಮಾ ಅನ್ನೋಕೂ ಪುರುಸೊತ್ತಿರ್ಲಿಲ್ಲ.”

ಬೋರಮ್ಮ ಒಳಗೆ ಹೋಗಿ ಮುಖ ತೊಳೆದು ಬರಿಹಣೆಯಲ್ಲಿ ಬಂದರು. “ನರಳ್ನಿಲ್ವಲ್ಲ, ಅಷ್ಟು ಸಾಕು ಕಣಣ್ಣ,” ಎಂದು ಕಾಫಿ ಕೊಟ್ಟರು. ಸಾಹೇಬರು ಎರಡು ಲೋಟ ಕುಡಿದರು.

*

ಸೊಹೈಲ್ ಮಸೀದಿಯಲ್ಲಿ ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕ್ಷಮೆ ಕೇಳಿದ. ಆಚೆ ಬಂದ ಮೇಲೆ ಬೋರಮ್ಮ ಅವನ ಕೆನ್ನೆ ಸವರಿದರು. “ಕ್ಷಮಿಸೋಕೇನೈತಪ್ಪ? ದೇವ್ರಂಥ ಮನ್ಸ ನಿಮ್ಮಪ್ಪ.”

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸೊಹೈಲನಿಗೆ ಅಸಲಿ ಕ್ಷಮೆಯೇ ಬೇಕಿತ್ತು. ಸ್ಮಶಾನದಲ್ಲಿ ಶವವನ್ನು ಗುಂಡಿಗಿಳಿಸಿದ ಮೇಲೆ ಬೋರಮ್ಮನನ್ನು ಪಕ್ಕಕ್ಕೆ ಕರೆದು ಆ ನಾಲ್ಕು ಮಾತನ್ನು ಓದಿದ. ಓದಿ ಅವನೇನೋ ಹಗುರಾದ. ಮುದುಕಿಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.

“ಎಷ್ಟೊತ್ತು ಜೀವ ಇತ್ತಂತೆ?”

“ಬರೆದಿಲ್ಲ ಆಂಟಿ.”

“ಬತ್ತೀನಿ ಅಂದೋರ್ನ ನಂಬೋ ಜೀವ ಅದು.”

“ಈಗ್ಲೂ... ಮಾಫ್ ಮಾಡ್ತೀರಾ?”

ಬೋರಮ್ಮ ಹೋಗಿ, ಗುಂಡಿಗೆ ಮೂರು ಹಿಡಿ ಮಣ್ಣು ಹಾಕುವವರ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಬಗ್ಗಿ ಒಂದು ಹಿಡಿ ತೆಗೆದುಕೊಂಡರು. ಬೋರಮ್ಮ ಗುಂಡಿಯೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಮಣ್ಣನ್ನು ಗುಡ್ಡೆಗೇ ವಾಪಸ್ ಹಾಕಿ, ಅಲ್ಲೇ ನಿಂತು, ಸೆರಗಿನ ಅಂಚಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಳ್ಳತೊಡಗಿದರು. ಹಿಂದಿದ್ದವರು ಮುಷ್ಟಿಯಲ್ಲಿ ಮಣ್ಣು ಹಿಡಿದು ಕಾಯುತ್ತಿದ್ದರು.