ಇಲ್ಲದ ಪ್ರೋಟೀನಿನ ಗೆರೆ

ಆದೋನಿಯ ಒಂದು ಪ್ರಯೋಗಾಲಯದಲ್ಲಿ ಭುವನಾ ಮೂರು ವರ್ಷದಿಂದ ಒಂದೇ ಪ್ರೋಟೀನಿನ ಹಿಂದೆ ಬಿದ್ದಿದ್ದಳು. ಅದರ ಹೆಸರು ಟಿಂಪ್. ಕೀಲನ್ನು ಸವೆಸುವ ಕಿಣ್ವಗಳನ್ನು ತಡೆಯುವುದು ಅದರ ಕೆಲಸ. ನೇಕಾರರ ಮೊಣಕಾಲಿನ ನೀರಿನಲ್ಲಿ ಅದು ಎಷ್ಟಿದೆ ಎಂದು ನೋಡಬೇಕಿತ್ತು. ಎಮ್ಮಿಗನೂರಿನಲ್ಲಿ ಮನೆಮನೆ ತಿರುಗಿ, ಎಂಟು ಜನರನ್ನು ಒಪ್ಪಿಸಿ, ವೈದ್ಯರಿಂದ ಸ್ಯಾಂಪಲ್ ತೆಗೆಸಿದವಳು ಅವಳೇ. ಆದರೆ ಟಿಂಪ್ ಇದ್ದರೆ ಮೂಡಬೇಕಾದ ಕಪ್ಪು ಗೆರೆ ಅವಳ ಪರೀಕ್ಷೆಯಲ್ಲಿ ಒಮ್ಮೆಯೂ ಮೂಡಿರಲಿಲ್ಲ.

ಹೊಸದಾಗಿ ಸೇರಿದ ಸುಷ್ಮಾ, ಟಿಂಪನ್ನು ಹುಡುಕಿ ಹಿಡಿಯುವ ಬೇರೊಂದು ಆ್ಯಂಟಿಬಾಡಿ ತರಿಸಿದಳು. ಮೊದಲ ಸಲಕ್ಕೇ ಕಪ್ಪು ಗೆರೆ ಎದ್ದು ಬಂತು. ಮುಖ್ಯಸ್ಥ ಸೋಮೇಶ್ ಸರ್ ಎಲ್ಲರನ್ನೂ ಕರೆದು ತೋರಿಸಿದರು.

"ರಿಸರ್ಚ್ ಪೇಪರ್‌ನ್ಯಾಗ ಸುಷ್ಮಾಂದೇ ಮೊದಲ ಹೆಸರು," ಎಂದರು.

ಭುವನಾ ನಕ್ಕಳು. ಅವತ್ತು ಡಬ್ಬಿಯ ಊಟ ಹಾಗೇ ಮನೆಗೆ ಹೋಯಿತು. ಆಮೇಲೆ ಸುಷ್ಮಾಳ ನಗು, ಅವಳ ದುಂಡು ಅಕ್ಷರ ಕೂಡ ಚುಚ್ಚತೊಡಗಿದವು.

ತಪ್ಪು ಹುಡುಕಲೆಂದೇ ಮಂಗಳವಾರ ಆ ಆ್ಯಂಟಿಬಾಡಿಯನ್ನು ಟಿಂಪ್ ಇಲ್ಲವೇ ಇಲ್ಲದ ಸ್ಯಾಂಪಲ್ ಮೇಲೆ ಹಾಕಿ ನೋಡಿದಳು. ಅಲ್ಲೂ ಅದೇ ಗೆರೆ! ಅದು ಬೇರೇನನ್ನೋ ಹಿಡಿಯುತ್ತಿತ್ತು. ಭುವನಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಯಾರಿಗೂ ಹೇಳಲಿಲ್ಲ; ಶುಕ್ರವಾರದ ಮೀಟಿಂಗಿನಲ್ಲಿ ಎಲ್ಲರೆದುರೇ ತೋರಿಸಿದಳು.

ಸುಷ್ಮಾಳ ಮುಖ ಬಿಳಿಚಿತು. "ಇದು ನಿನಗ ಯಾವಾಗ ಗೊತ್ತಾತು, ಅಕ್ಕಾ?"

"ಮಂಗಳವಾರ."

"ಬುಧವಾರ ನಿನ್ನ ಕೇಳೇ ಎಂಟೂ ಸ್ಯಾಂಪಲ್ ತಗೊಂಡೆ. ತಗೋ ಅಂದಿ. ಎಲ್ಲಾ ಈ ಆ್ಯಂಟಿಬಾಡಿಗೇ ಹಾಕಿ ಮುಗಿಸೀನಿ. ಒಂದು ಹನಿ ಉಳದಿಲ್ಲ."

ಸರ್ ಬೈಯಲಿಲ್ಲ. "ಮತ್ತ ಹೋಗಿ ಕೇಳ್ರಿ, ಇಬ್ರೂ," ಎಂದಷ್ಟೇ ಹೇಳಿ ಎದ್ದರು.

ಸೋಮವಾರ ಎಮ್ಮಿಗನೂರಿನಲ್ಲಿ, ಆ ಎಂಟು ಜನರಲ್ಲಿ ಒಬ್ಬಳಾದ ಗುರುಲಿಂಗಮ್ಮ ಇಬ್ಬರನ್ನೂ ಕಂಡು ಮಗ್ಗ ನಿಲ್ಲಿಸಿ, ಮೊಣಕಾಲು ಹಿಡಿದುಕೊಂಡು ಎದ್ದಳು.

"ಮತ್ತ ಸೂಜಿ ಏನವ್ವಾ? ಹೋದ ಸಲದ್ದು ಏನಾತು?"

ಭುವನಾಳೇ ಹೇಳಿದಳು: "ಹಾಳಾತು. ಹಾಳಾಗ್ತದಂತ ನನಗ ಗೊತ್ತಿತ್ತು. ಈಕಿ ಮ್ಯಾಲಿನ ಹೊಟ್ಟೆಕಿಚ್ಚಿಗೆ ಸುಮ್ಮನಿದ್ದೆ."

ಗುರುಲಿಂಗಮ್ಮ ಅವಳನ್ನೇ ದಿಟ್ಟಿಸಿದಳು. "ಅವತ್ತಿಂದ ಎರಡು ದಿನ ಕಾಲು ಮಡಚಾಕ ಆಗಿಲ್ಲ ನನಗ. ನಿಮ್ಮ ಜಿದ್ದಿಗೆ ನನ್ನ ಮೊಣಕಾಲೇ ಬೇಕಾಗಿತ್ತೇನು?" ಆಮೇಲೆ ಸುಷ್ಮಾಳ ಕಡೆ ತಿರುಗಿದಳು. "ನೀ ಹೇಳಮ್ಮಾ. ನೀ ಕೇಳಿದ್ರ ಕೊಡ್ತೀನಿ. ಆಕಿ ಬ್ಯಾಡ."

ಸುಷ್ಮಾ ಒಪ್ಪಿಗೆ ಪತ್ರ ಓದಿ ವಿವರಿಸತೊಡಗಿದಳು. ತಾನಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ ಅನ್ನಿಸಿತು ಭುವನಾಳಿಗೆ. ಎದೆಯೊಳಗೆ ಮತ್ತೆ ಅದೇ ಉರಿ. ಆದರೂ ಗುರುಲಿಂಗಮ್ಮನ ಹೆಬ್ಬೆಟ್ಟಿಗಾಗಿ ಇಂಕ್ ಪ್ಯಾಡ್ ತೆರೆದು ಮುಂದೆ ಹಿಡಿದಳು.